ಬಾಡಿಗೆ ಅಡುಗೆಮನೆಗೆ ಬಣ್ಣ ಬಳಿದ ಶನಿವಾರಗಳು

ಅಮೆರಿಕದ ಫ್ರೀಮಾಂಟಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಾನು ನಾಲ್ಕು ವರ್ಷ ಯಾವ ತಕರಾರೂ ಇಲ್ಲದೆ ಅಡುಗೆ ಮಾಡಿದ್ದೆ. ಒಲೆ ಒಂದು ಮಗ್ಗುಲಿಗೆ ವಾಲಿತ್ತು. ದೋಸೆ ಹೊಯ್ದರೆ ಒಂದು ಅಂಚು ಗರಿಗರಿ, ಇನ್ನೊಂದು ಅಂಚು ಉತ್ತಪ್ಪ. ಚಮಚದ ಡ್ರಾಯರು ಓವನ್ನಿನ ಹಿಡಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತಿತ್ತು, ಸೌಟು ಬೇಕಾದಾಗಲೆಲ್ಲ ಕೈಯನ್ನು ಓರೆ ಮಾಡಿ ಒಳಗೆ ತೂರಿಸಿ ತಡಕಬೇಕು. ಕಪಾಟುಗಳು ಹಳೇ ಬೆಲ್ಲದ ಬಣ್ಣ. ಕಟ್ಟೆಯ ಹಾಸು ಮಾಸಿದ ಅರಿಶಿನದ ಬಣ್ಣ, ಅದರ ನಡುವೆ ಹಿಂದಿನ ಬಾಡಿಗೆಯವರು ಯಾರೋ ಬಿಸಿ ಪಾತ್ರೆ ಇಟ್ಟು ಸುಟ್ಟ ಕಪ್ಪು ಉಂಗುರ. ನೆಲಕ್ಕೆ ಇಟ್ಟಿಗೆಯಂತೆ ನಟಿಸುವ ಪ್ಲಾಸ್ಟಿಕ್ ಹಾಳೆ. ಇದ್ದ ಒಂದೇ ಕಿಟಕಿ ಮಹಡಿ ಮೆಟ್ಟಿಲ ಕಡೆಗೆ ತೆರೆಯುತ್ತಿತ್ತು. ಬಿಸಿಲು ಆ ದಾರಿಯಲ್ಲಿ ಬಂದದ್ದೇ ಇಲ್ಲ. ಹಗಲಲ್ಲೂ ಸೂರಿನ ಟ್ಯೂಬ್‌ಲೈಟು ಹಾಕಿಕೊಳ್ಳಬೇಕಿತ್ತು. ಅದರ ಪ್ಲಾಸ್ಟಿಕ್ ಮುಚ್ಚಳ ಎಷ್ಟು ಹಳದಿಗಟ್ಟಿತ್ತೆಂದರೆ, ಆ ಬೆಳಕಲ್ಲಿ ಅನ್ನವೂ ಚಿತ್ರಾನ್ನದ ಹಾಗೆ ಕಾಣುತ್ತಿತ್ತು.

ಇದೆಲ್ಲ ನನಗೆ ತೊಂದರೆ ಅಂತ ಅನಿಸಿರಲಿಲ್ಲ. ಅನಿಸಿದ್ದು ನನ್ನ ವಾರಗಿತ್ತಿಯ ಮನೆಗೆ ಊಟಕ್ಕೆ ಹೋದ ದಿನ.

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಹತ್ತಿರದ ಊರು ಪ್ಲೆಸೆಂಟನ್ನಿನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾರೆ. ಅವರ ಹೆಂಡತಿ ಹಲ್ಲಿನ ಡಾಕ್ಟರು. ನಮ್ಮ ದಾವಣಗೆರೆ ಕಡೆ ಅಣ್ಣ ತಮ್ಮಂದಿರ ಹೆಂಡತಿಯರಿಗೆ ನೆಗೆಣ್ಣಿ ಅಂತಾರೆ. ಮೈಸೂರಿನ ನನ್ನ ಅತ್ತೆಮನೆಯವರು ವಾರಗಿತ್ತಿ ಅಂತಾರೆ. ಹೆಸರು ಯಾವುದಾದರೂ ನಮ್ಮಿಬ್ಬರ ನಡುವೆ ಜಗಳ ಅಂತೂ ಇರಲಿಲ್ಲ. ಸ್ನೇಹವೂ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದು ಸೀರೆ, ಬ್ಲೌಸ್ ಪೀಸು, ಅರಿಶಿನ ಕುಂಕುಮ ಮತ್ತು ಬಹುವಚನ. ನಾನು ಅವರಿಗೆ ‘ಅಕ್ಕ, ನೀವು’ ಅನ್ನುತ್ತಿದ್ದೆ. ನನಗಿಂತ ಎಂಟು ವರ್ಷ ದೊಡ್ಡವರಾದ ಅವರೂ ನನಗೆ ‘ನೀವು’ ಅನ್ನುತ್ತಿದ್ದರು. ಅದರಲ್ಲಿ ಗೌರವಕ್ಕಿಂತ ಅಂತರ ಜಾಸ್ತಿ ಅಂತ ನನಗೆ ಯಾವತ್ತೂ ಅನಿಸುತ್ತಿತ್ತು.

ಅವರ ಅಡುಗೆಮನೆಯ ರಿಮಾಡೆಲಿಂಗು ಎಂಟು ತಿಂಗಳು ನಡೆದು ಮುಗಿದಾಗ ನೆಂಟರನ್ನೆಲ್ಲ ಕರೆದರು. ನಾವು ಹೋದೆವು. ಹಾಲು ಚೆಲ್ಲಿದರೂ ಗೊತ್ತಾಗದಷ್ಟು ಬಿಳಿ. ಕಪಾಟು ಬಿಳಿ, ಕಟ್ಟೆ ಬಿಳಿ, ಗೋಡೆ ಬಿಳಿ. ಹಿಡಿಗಳೇ ಇಲ್ಲದ ಬಾಗಿಲುಗಳು ಮುಟ್ಟಿದರೆ ಉಸ್ಸಂತ ತೆರೆಯುತ್ತಿದ್ದವು. ಫ್ರಿಜ್ಜು ಎಲ್ಲಿದೆ ಅಂತ ಹುಡುಕಿ ನಾನು ಎರಡು ಸಲ ಪ್ಯಾಂಟ್ರಿಯೊಳಗೆ ಹೋಗಿ ಬಂದೆ. ನಾನು ಕೋಸಂಬರಿ ತಂದಿದ್ದೆ, ಒಗ್ಗರಣೆ ಮಾತ್ರ ಬಾಕಿ. “ಅಕ್ಕ, ಒಗ್ಗರಣೆ ಸೌಟು ಎಲ್ಲಿದೆ?” ಅಂದೆ.

ಅಕ್ಕ ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಒಗ್ಗರಣೆ ಗ್ಯಾರೇಜಲ್ಲಿ,” ಅಂದರು.

ಮೊದಲು ನನಗೆ ಅರ್ಥವಾಗಲಿಲ್ಲ. ಅವರೇ ಕೈ ಹಿಡಿದು ಕರೆದುಕೊಂಡು ಹೋದರು. ಕಾರಿಗೂ ವಾಷಿಂಗ್ ಮಷೀನಿಗೂ ನಡುವೆ ಒಂದು ಮಡಿಸೋ ಟೇಬಲ್ಲು, ಅದರ ಮೇಲೆ ಒಂದು ಕರೆಂಟ್ ಒಲೆ, ಪಕ್ಕದಲ್ಲಿ ಸಾಸಿವೆ ಜೀರಿಗೆ ಇಂಗಿನ ಡಬ್ಬ. “ಆ ಕಟ್ಟೆ ಕಲ್ಲಿಗೆ ಅರಿಶಿನ ತಾಗಿದ್ರೆ ಹೋಗಲ್ವಂತೆ, ಎಣ್ಣೆ ಹೊಗೆ ಬಿಳಿ ಬಣ್ಣಕ್ಕೆ ಹಿಡಿಯುತ್ತಂತೆ,” ಅಂತ ಅಕ್ಕ ವಿವರಿಸಿದರು. ನಾನು ಗ್ಯಾರೇಜಿನ ಬಾಗಿಲ ಕಡೆ ಬೆನ್ನು ಮಾಡಿ ನಿಂತು ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಕಾರಿನ ಬಾನೆಟ್ಟಿನ ಮೇಲೆ ಟಪಟಪ ಅಂತ ಬಿತ್ತು. ಅಕ್ಕ ಒಂದೊಂದೇ ಕಾಳನ್ನು ಟಿಶ್ಯೂವಿನಲ್ಲಿ ಆರಿಸಿ ತೆಗೆದರು.

ವಾಪಸು ಬರುವಾಗ ಫ್ರೀವೇಯಲ್ಲೂ ಆ ಅಡುಗೆಮನೆಯೇ ನನ್ನ ಕಣ್ಣ ಮುಂದಿತ್ತು. ಹೊಟ್ಟೆಕಿಚ್ಚು ಸ್ವಲ್ಪ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಎಂಥದೋ ಹುರುಪು. ಫ್ರೀಮಾಂಟಿಗೆ ಇಳಿಯುವ ದಾರಿ ಬರುವ ಹೊತ್ತಿಗೆ ಬಾಯಿಂದ ಬಂದೇಬಿಟ್ಟಿತು.

“ರೀ, ನಮ್ಮ ಅಡುಗೆಮನೆಗೂ ಏನಾರ ಮಾಡಾಣ.”

“ಬಾಡಿಗೆ ಮನೆ ಕಣೇ ಅದು,” ಅಂದರು ನನ್ನ ಗಂಡ.

“ಬಾಡಿಗೆ ಮನೆ ಆದ್ರೇನು? ನಾನೇನು ಬಾಡಿಗೆಗೆ ಉಣ್ತೀನಾ?”

ಇದಕ್ಕೆ ಅರ್ಥವಿಲ್ಲ ಅಂತ ಈಗ ಗೊತ್ತಾಗುತ್ತದೆ. ಆದರೆ ಆವತ್ತು ಎಷ್ಟು ಗಟ್ಟಿಯಾಗಿ ಹೇಳಿದೆ ಅಂದರೆ ಅವರು ಎದುರು ಮಾತಾಡಲಿಲ್ಲ. ಒಂದೇ ಷರತ್ತು ಹಾಕಿದರು: ಎಲ್ಲಾ ಸೇರಿ ನಮ್ಮ ಒಂದು ತಿಂಗಳ ಗ್ರೋಸರಿ ಖರ್ಚನ್ನು ದಾಟಬಾರದು, ಮತ್ತು ಶನಿವಾರದ ಕ್ರಿಕೆಟ್ಟಿಗೆ ಅಡ್ಡಿಯಾಗಬಾರದು.

ಇನ್ನೊಂದು ಒಪ್ಪಿಗೆ ಬೇಕಿತ್ತು. ನಮ್ಮ ಓನರು ಕೆಳಗಿನ ಮನೆಯಲ್ಲೇ ಇರುವ ಎಂಬತ್ತರ ಹತ್ತಿರದ ಅಜ್ಜ. ಮೊದಲು ಬಡಗಿ ಕೆಲಸ ಮಾಡುತ್ತಿದ್ದವರು, ಈ ಕಟ್ಟಡದ ಕಪಾಟುಗಳನ್ನೆಲ್ಲ ತಮ್ಮ ಕೈಯಾರೆ ಮಾಡಿದವರು. ಮಾತು ಬಹಳ ಕಮ್ಮಿ. ನಾನು ಹೋಗಿ, ಕಪಾಟಿಗೆ ಬಣ್ಣ ಬಳಿಯಬಹುದಾ, ಕಟ್ಟೆಗೆ ಅಂಟು ಹಾಳೆ ಹಾಕಬಹುದಾ ಅಂತ ಕೇಳಿದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೊಸ ತೂತು ಕೊರೆಯಬೇಡ. ನೀರಿನ ಪೈಪು ಮುಟ್ಟಬೇಡ. ಬಳಿಯೋಕೆ ಮುಂಚೆ ಚೆನ್ನಾಗಿ ಉಜ್ಜು,” ಅಂತ ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡರು.

ನನಗೆ ಅಷ್ಟೇ ಸಾಕಾಗಿತ್ತು. ಆ ವಾರವೆಲ್ಲ ಆಫೀಸಿನ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಮಾಡಿ ಬಣ್ಣ ಬಳಿಯುವ ವಿಡಿಯೋ ನೋಡಿದೆ. ಹಳೇ ಮನೆ ಒಡೆದಾಗ ಬಂದ ಸಾಮಾನು ಮಾರುವ ಒಂದು ಅಂಗಡಿಯಲ್ಲಿ, ಬಕೆಟ್ಟಿನೊಳಗೆ ಕೈ ಹಾಕಿ ಹಿತ್ತಾಳೆಯ ಹಿಡಿಗಳನ್ನು ಆರಿಸಿದೆ. ಎಲ್ಲಾ ಒಂದೇ ಥರ ಸಿಗಲಿಲ್ಲ, ಎರಡು ಥರ ತಂದೆ. ಬಣ್ಣದಂಗಡಿಯಲ್ಲಿ ಮೂಲೆಯ ಶೆಲ್ಫೊಂದಿತ್ತು. ಯಾರೋ ತಮಗೆ ಬೇಕಾದ ಹಾಗೆ ಮಿಕ್ಸ್ ಮಾಡಿಸಿಕೊಂಡು ಹೋಗಿ, ಆಮೇಲೆ ಬೇಡವೆಂದು ವಾಪಸು ತಂದುಕೊಟ್ಟ ಡಬ್ಬಗಳು ಅಲ್ಲಿ ಅರ್ಧ ಬೆಲೆಗೂ ಕಮ್ಮಿಗೆ ಸಿಗುತ್ತವೆ. ಒಂದು ಡಬ್ಬದ ಮುಚ್ಚಳದ ಮೇಲೆ ಎಳೇ ಹಸಿರಿನ ಒಂದು ಚುಕ್ಕೆ ಇತ್ತು. ಆಗಷ್ಟೇ ಬಿಚ್ಚಿದ ಬಾಳೆಸುಳಿಯ ಹಾಗೆ. ತಗೊಂಡುಬಿಟ್ಟೆ. ಅದನ್ನು ಯಾಕೆ ವಾಪಸು ತಂದಿರಬಹುದು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ.

ಮೊದಲ ಶನಿವಾರ ಬೆಳಿಗ್ಗೆ ಗಂಡ ಕ್ರಿಕೆಟ್ ಬ್ಯಾಗು ಹೆಗಲಿಗೇರಿಸಿ ಹೊರಟ ಹತ್ತೇ ನಿಮಿಷಕ್ಕೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಕ್ಕ. ಕಸೂತಿಯ ಬಿಳಿ ಚಿಕನ್ ಕುರ್ತಾ, ಕೈಯಲ್ಲಿ ದಪ್ಪನೆಯ ಫೈಲು. ಗಂಡ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದರಂತೆ, ಅಣ್ಣ ಹೆಂಡತಿಗೆ ಹೇಳಿದ್ದರಂತೆ.

“ಹತ್ತೇ ನಿಮಿಷ ಕೂತು ಹೋಗ್ತೀನಿ,” ಅಂದರು. “ನಮ್ಮ ಮನೆಗೆ ನೋಡಿದ ಬಣ್ಣದ ಕಾರ್ಡುಗಳೆಲ್ಲ ಇದ್ವು. ನಿಮಗೆ ಉಪಯೋಗ ಆಗಬಹುದು ಅಂತ ತಂದೆ.”

ಫೈಲು ಬಿಚ್ಚಿದರೆ ಹತ್ತೊಂಬತ್ತು ಬಿಳಿ. ಮೊಟ್ಟೆ ಬಿಳಿ, ಮುತ್ತಿನ ಬಿಳಿ, ಹತ್ತಿ ಬಿಳಿ. ನಾನು ಭಕ್ತಿಯಿಂದ ಒಂದೊಂದನ್ನೂ ನೋಡಿದೆ. ಎಲ್ಲಾ ಒಂದೇ ಅನಿಸಿತು. “ನಾನು ಬಣ್ಣ ತಂದಾಯ್ತು ಅಕ್ಕ,” ಅಂದೆ ಮೆಲ್ಲಗೆ.

ಅವರು ಬೇಸರಪಡಲಿಲ್ಲ. ಅವರ ಕಣ್ಣು ನನ್ನ ಹಿಂದೆ ತೆರೆದಿದ್ದ ಕಪಾಟಿನ ಒಳಗಿತ್ತು. ಒಳಗಿನ ಹಲಗೆಗಳಿಗೆ ಯಾವುದೋ ಕಾಲದಲ್ಲಿ ಅಂಟಿಸಿದ್ದ ಕಿತ್ತಳೆ ಅಣಬೆಗಳ ಚಿತ್ರದ ಹಾಳೆಯನ್ನು ನಾನು ದೋಸೆ ಮಗುಚುವ ಸಟ್ಟುಗದಲ್ಲಿ ಕೆರೆಯುತ್ತಿದ್ದೆ, ಚೂರು ಚೂರಾಗಿ ಬರುತ್ತಿತ್ತು. ಅಕ್ಕ ಹತ್ತಿರ ಬಂದರು. ಬಗ್ಗಿದರು. ಉಗುರಿನಿಂದ ಒಂದು ಮೂಲೆ ಎಬ್ಬಿಸಿ ನೋಡಿದರು.

“ಕೋನ ತಪ್ಪು,” ಅಂದರು.

“ಏನ್ರೀ?”

“ನೀವು ಹಿಡಿದಿರೋ ಕೋನ. ಇದು ಹಲ್ಲಿನ ಕಿಟ್ಟ ಇದ್ದ ಹಾಗೆ. ಮೇಲಿಂದ ಕೆರೆದ್ರೆ ಬರಲ್ಲ. ಅಡಿಗೆ ಹೋಗಬೇಕು. ಕೊಡಿ ಇಲ್ಲಿ.”

ಸಟ್ಟುಗ ಅವರ ಕೈಗೆ ಹೋಯಿತು. ಅವರು ಅದನ್ನು ಪೆನ್ನಿನ ಹಾಗೆ ಹಿಡಿದು, ಹಾಳೆಯ ಅಡಿಗೆ ನುಗ್ಗಿಸಿ, ಒಂದೇ ಉಸಿರಿಗೆ ಎಳೆದರು. ಸರ್ರಂತ ಒಂದು ಗೇಣು ಅಣಬೆ ಇಡಿಯಾಗಿ ಎದ್ದು ಬಂತು. ಅದರ ಕೆಳಗೆ ಇನ್ನೊಂದು ಹಾಳೆ, ಹಳದಿ ಹೂಗಳದ್ದು. ಅದನ್ನೂ ಎಳೆದರು. ಅದರ ಕೆಳಗೆ ನೀಲಿ ಗಾಳಿಗಿರಣಿಗಳು. ಅಕ್ಕ ನನ್ನ ಮುಖ ನೋಡಿದರು. ಎಂಟು ತಿಂಗಳ ರಿಮಾಡೆಲಿಂಗಿನಲ್ಲಿ ನಾನು ಒಂದು ಸಲವೂ ನೋಡದಿದ್ದ ಖುಷಿ ಅವರ ಮುಖದಲ್ಲಿತ್ತು.

“ಇನ್ನೂ ಕೆಳಗೆ ಏನಿರಬಹುದು?” ಅಂದರು, ಪಿಸುಮಾತಿನಲ್ಲಿ.

ಹತ್ತು ನಿಮಿಷ ಅಂದವರು ನಾಲ್ಕು ಗಂಟೆ ಇದ್ದರು. ಚಿಕನ್ ಕುರ್ತಾದ ಮೇಲೆ ನನ್ನ ಹಳೇ ನೈಟಿ ಹಾಕಿಕೊಂಡು, ತಲೆಯನ್ನು ಸಿಂಕಿನ ಕೆಳಗಿನ ಕಪಾಟಿನೊಳಗೆ ತೂರಿಸಿ, “ಬೆಳಕು! ಬೆಳಕು ಹಿಡೀರಿ!” ಅಂತ ಕ್ಲಿನಿಕ್ಕಿನ ಹುಡುಗಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಹೊರಡುವಾಗ ಕುರ್ತಾ ಬಿಳಿಯಾಗೇ ಇತ್ತು. ಕೂದಲಲ್ಲಿ ಮಾತ್ರ ಒಂದು ಕಿತ್ತಳೆ ಅಣಬೆ ಅಂಟಿತ್ತು. ನಾನು ಹೇಳಲಿಲ್ಲ. ಅದನ್ನು ಹಾಗೇ ಪ್ಲೆಸೆಂಟನ್ನಿಗೆ ಒಯ್ದರು.

ಮುಂದಿನ ಶನಿವಾರ ಕರೆಯದೆಯೇ ಬಂದರು. ಹಳೇ ಚೂಡಿದಾರ, ಕೈಯಲ್ಲಿ ಒಂದು ಬಟ್ಟೆಯ ಸುರುಳಿ. ಬಿಚ್ಚಿದರೆ ಕ್ಲಿನಿಕ್ಕಿನಲ್ಲಿ ಬಳಕೆ ತಪ್ಪಿದ ಹಲ್ಲಿನ ಉಪಕರಣಗಳು, ಸಾಲಾಗಿ. ಹಣೆಗೆ ಕಟ್ಟಿಕೊಳ್ಳುವ ದೀಪವನ್ನೂ ತಂದಿದ್ದರು. “ಕ್ಲಿನಿಕ್ಕಲ್ಲಿ ಎಮರ್ಜೆನ್ಸಿ ರೂಟ್ ಕೆನಾಲ್ ಇದೆ ಅಂತ ಮನೇಲಿ ಹೇಳಿ ಬಂದೆ,” ಅಂದರು.

“ಭಾವಂಗೆ ಸುಳ್ಳು ಹೇಳಿದ್ರಾ?”

“ಅಷ್ಟು ದೊಡ್ಡ ಕೆಲಸ ಮಾಡಿಸಿಕೊಟ್ಟಿದಾರೆ. ಈಗ ಬೇರೆಯವರ ಮನೆ ಕಪಾಟು ಕೆರೆಯೋಕೆ ಹೋಗ್ತೀನಿ ಅಂತ ಹೇಗೆ ಹೇಳ್ಲಿ? ಕೆರೆಯೋದು ತಾನೇ, ಪೂರ್ತಿ ಸುಳ್ಳೇನಲ್ಲ.” ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದು ನಕ್ಕರು. ಅವರು ಹಾಗೆ ನಗಬಲ್ಲರು ಅಂತ ನನಗೆ ಗೊತ್ತಿರಲಿಲ್ಲ.

ಆವತ್ತು ಬಾಗಿಲುಗಳನ್ನೆಲ್ಲ ಬಿಚ್ಚಿ, ಯಾವುದು ಎಲ್ಲಿಯದು ಅಂತ ಟೇಪಿನ ಚೂರಿನ ಮೇಲೆ ನಂಬರು ಬರೆದು ಅಂಟಿಸಿ, ಪಕ್ಕದ ಹಾಲ್‌ನಲ್ಲಿ ರಟ್ಟು ಹಾಸಿ ಮಲಗಿಸಿದೆವು. ಅಜ್ಜ ಹೇಳಿದ ಹಾಗೆ ಚೆನ್ನಾಗಿ ಉಜ್ಜಿದೆವು. ಬೆಲ್ಲದ ಬಣ್ಣದ ಧೂಳು ಹುಬ್ಬಿನ ತನಕ ಏರಿತು. ಮರದ ಗೆರೆಗಳ ಸಂದಿನಲ್ಲಿ ಕೂತಿದ್ದ ಎಣ್ಣೆ ಜಿಡ್ಡನ್ನು ಅಕ್ಕ ಸೂಜಿಯಂಥ ಉಪಕರಣದಿಂದ ಎಬ್ಬಿಸಿ ತೆಗೆಯುತ್ತಾ, “ಇನ್ನು ಮುಂದೆ ದಿನಾ ಎರಡು ಸಲ ಉಜ್ಜಬೇಕು,” ಅಂತ ಬಾಗಿಲುಗಳಿಗೆ ಬುದ್ಧಿ ಹೇಳುತ್ತಿದ್ದರು. ಆಮೇಲೆ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಡಬ್ಬ ಬಿಚ್ಚಿ, ಚೌಕಟ್ಟುಗಳಿಗೂ ಬಾಗಿಲುಗಳಿಗೂ ಬಳಿದೆವು. ಒಣಗಿದ ಮೇಲೆ ಇನ್ನೊಂದು ಕೈ. ಒಂದೊಂದೇ ಬಾಗಿಲನ್ನು ಆ ಬೆಳಕಿಗೆ ತಂದು, ಬಳಿದು, ವಾಪಸು ಮಲಗಿಸುತ್ತಿದ್ದೆವು. ಹಾಲಿನ ಪರದೆಗಳನ್ನು ಧೂಳಿಗೆಂದು ಎಳೆದೇ ಇಟ್ಟಿದ್ದೆವು. ಎಷ್ಟು ಶಾಂತವಾದ ಬಣ್ಣ, ಅಂದರು ಅಕ್ಕ. ಎಳೇ ಬಾಳೆ ಎಲೆ, ಅಂದೆ ನಾನು. ಇಬ್ಬರಿಗೂ ಬಹಳ ಹೆಮ್ಮೆಯಾಯಿತು. ಪರದೆ ಸರಿಸದೆಯೇ ನಾನು ಆ ವಾರ ಕಳೆದೆ. ಗಂಡ ಆ ವಾರವೆಲ್ಲ ಸ್ಯಾನ್ ಮಟಿಯೋದ ಆಫೀಸಿಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದರು. ಅವರು ನೋಡಿದ್ದು ತಟ್ಟೆಯನ್ನು ಮಾತ್ರ.

ಮೂರನೇ ಶನಿವಾರ ಕಟ್ಟೆಯ ಸರದಿ. ಅಮೃತಶಿಲೆಯ ಚಿತ್ರವಿರುವ ಅಂಟು ಹಾಳೆಯ ದೊಡ್ಡ ಸುರುಳಿ ತಂದಿದ್ದೆ. ಆಳುದ್ದದ ತುಂಡನ್ನು ಕತ್ತರಿಸಿ, ಹಿಂದಿನ ಕಾಗದ ಸುಲಿದು, ಇಬ್ಬರೂ ಎರಡು ತುದಿ ಹಿಡಿದು ಮೆಲ್ಲಗೆ ಇಳಿಸಬೇಕು ಅಂತ ವಿಡಿಯೋದಲ್ಲಿ ಹೇಳಿತ್ತು. ವಿಡಿಯೋದಲ್ಲಿದ್ದ ಹುಡುಗಿ ಒಬ್ಬಳೇ, ನಗುನಗುತ್ತಾ ಅಂಟಿಸಿದ್ದಳು.

ನಾವು ಸುಲಿದೆವು. ಎತ್ತಿದೆವು. ನಡುಭಾಗ ಜೋಲಿತು. ಜೋಲಿದ್ದು ಒಲೆಯ ಅಂಚಿಗೆ ತಾಗಿ ಅಂಟಿತು. ನಾನು ಅದನ್ನು ಬಿಡಿಸಲು ಎಳೆದೆ. ನನ್ನ ತುದಿ ಮಡಚಿ ನನ್ನ ಮೊಣಕೈಗೆ ಅಂಟಿತು. ಅಕ್ಕ ಗಾಬರಿಯಲ್ಲಿ ಒಂದು ಹೆಜ್ಜೆ ಮುಂದೆ ಬಂದರು, ಅವರ ತುದಿ ಫ್ರಿಜ್ಜಿಗೆ ಅಂಟಿತು. ಒಂದು ಕ್ಷಣದಲ್ಲಿ ಒಲೆ, ಫ್ರಿಜ್ಜು, ನಾನು, ಅಕ್ಕ ಎಲ್ಲರೂ ಒಂದೇ ಕುಟುಂಬವಾಗಿಬಿಟ್ಟೆವು. ಅಕ್ಕನ ಕೈ ಸಡಿಲವಾಗುತ್ತಿತ್ತು. ನಾನು ನಮ್ಮೂರ ಸಂತೆಯ ದನಿಯಲ್ಲಿ ಕೂಗಿಬಿಟ್ಟೆ:

“ಬಿಡಬ್ಯಾಡ! ಹಿಡ್ಕಳೇ! ಜಗ್ಗೇ ಅಕ್ಕಾ, ಜಗ್ಗೇ!”

ಕೂಗಿದ ಮೇಲೆ ಕಿವಿಗೆ ಕೇಳಿಸಿತು. ಹನ್ನೆರಡು ವರ್ಷದ ಬಹುವಚನ ಒಂದೇ ಉಸಿರಿಗೆ ಹೋಗಿತ್ತು. ನಾನು ನಾಲಿಗೆ ಕಚ್ಚಿಕೊಂಡು ಅಲ್ಲಾಡದೆ ನಿಂತೆ. ಅಕ್ಕನೂ ನಿಂತರು. ಫ್ರಿಜ್ಜು ಗುಂಯ್ ಅನ್ನುತ್ತಿತ್ತು.

“ಎಲ್ಲಿಗೇ ಜಗ್ಗಲಿ?” ಅಂದರು ಅಕ್ಕ. “ನನ್ನ ಮೂಗಿಗೆ ಅಂಟಿದೆ ಕಣೇ ಇದು!”

ನಿಜಕ್ಕೂ ಅಂಟಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ. ನಕ್ಕಿದ್ದಕ್ಕೆ ಇಬ್ಬರ ಕೈಯಲ್ಲೂ ಬಲ ಹೋಗಿ, ಮಿಕ್ಕ ಹಾಳೆಯೆಲ್ಲ ತನಗೆ ತಾನೇ ಅಂಟಿಕೊಂಡು ಒಂದು ದೊಡ್ಡ ಹೋಳಿಗೆಯಾಯಿತು. ನಾವು ಇಟ್ಟಿಗೆ ಚಿತ್ರದ ನೆಲದ ಮೇಲೆ ಕುಸಿದು ಕೂತು, ಅಳುವಷ್ಟು ನಕ್ಕೆವು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು “ಜಗ್ಗೇ” ಅನ್ನುತ್ತಿದ್ದೆವು, ಮತ್ತೆ ಶುರುವಾಗುತ್ತಿತ್ತು. ಕೆಳಗಿನಿಂದ ಅಜ್ಜ ಬಂದು ಕಿಟಕಿಯಲ್ಲಿ ಇಣುಕಿ, “ಯಾರಾದರೂ ಬಿದ್ರಾ?” ಅಂತ ಕೇಳಿದರು. ಇಬ್ಬರೂ ನಗುತ್ತಲೇ ಕೈ ಆಡಿಸಿದೆವು. ಅವರು ತಲೆ ಅಲ್ಲಾಡಿಸಿ ಇಳಿದುಹೋದರು.

ಎರಡನೇ ತುಂಡನ್ನು ಅಕ್ಕ ಡಾಕ್ಟರ ಗಾಂಭೀರ್ಯದಿಂದ, ಗೇಣು ಗೇಣಾಗಿ ಕಾಗದ ಸುಲಿಯುತ್ತಾ ಅಂಟಿಸಿದರು. ಸುಟ್ಟ ಉಂಗುರ ಮಾಯವಾಯಿತು. ಗೋಡೆಗೂ ಕಟ್ಟೆಗೂ ನಡುವಿನ ಸಂದಿಗೆ ಬಿಳಿ ಮೇಣದಂಥ ಪೇಸ್ಟನ್ನು ತುಂಬಿ, ಒದ್ದೆ ಬೆರಳಿನಿಂದ ಎಳೆದ ಗೆರೆ ನೋಡಿದರೆ ನಿಮಗೂ ಅವರ ಹತ್ತಿರ ಹಲ್ಲು ತೋರಿಸಿಕೊಳ್ಳೋಣ ಅನಿಸುತ್ತದೆ. ಆಮೇಲೆ ಇಬ್ಬರೂ ಸೇರಿ ಬಾಗಿಲುಗಳನ್ನು ನಂಬರು ನೋಡಿ ವಾಪಸು ಕೂಡಿಸಿ, ಹಿತ್ತಾಳೆ ಹಿಡಿಗಳನ್ನು ಹಳೇ ತೂತುಗಳಿಗೇ ತಿರುಪಿದೆವು. ಒಂದು ಬಾಗಿಲು ಮಾತ್ರ ಉಳಿಯಿತು. ಅದರ ಹಿಂಬದಿ ಇನ್ನೂ ಅಂಟಂಟಾಗಿತ್ತು.

“ಎಲ್ಲಾ ಆಯ್ತು, ಈ ದೀಪದ ಮುಚ್ಚಳ ಒಂದು ತೊಳೆದುಬಿಡೋಣ,” ಅಂದರು ಅಕ್ಕ.

ಕುರ್ಚಿ ಹತ್ತಿ ಮುಚ್ಚಳ ಇಳಿಸಿದೆ. ಸೋಪು ನೀರಿಗೆ ಅದರ ಹಳದಿ ಜಪ್ಪಯ್ಯ ಅನ್ನಲಿಲ್ಲ. ಪ್ಲಾಸ್ಟಿಕ್ಕೇ ಹಾಗಾಗಿತ್ತು. ಸರಿ, ಸದ್ಯಕ್ಕೆ ಮುಚ್ಚಳ ಬೇಡ, ಬರೀ ಟ್ಯೂಬೇ ಇರಲಿ ಅಂತ, ಹಳೆಯದನ್ನು ತೆಗೆದು ಹೊಸ ಬಿಳಿ ಟ್ಯೂಬು ಕೂರಿಸಿ ಸ್ವಿಚ್ಚು ಒತ್ತಿದೆ.

ಇಬ್ಬರೂ ಒಟ್ಟಿಗೆ ಕಿರುಚಿದೆವು.

ಎಳೇ ಬಾಳೆ ಎಲೆ ಎಲ್ಲೂ ಇರಲಿಲ್ಲ. ನಾಲ್ಕೂ ಕಡೆಯಿಂದ ಗಿಳಿಹಸಿರು ನಮ್ಮ ಮೇಲೆ ಹಾರಿ ಬಂತು. ಅಷ್ಟು ದಿನ ಆ ಹಳದಿ ಬೆಳಕು ಸುಳ್ಳು ಹೇಳಿತ್ತು. ಡಬ್ಬವನ್ನು ಯಾಕೆ ವಾಪಸು ತಂದಿದ್ದರು ಅಂತ ಆಗ ಗೊತ್ತಾಯಿತು.

“ಇದು ಗಿಳಿ,” ಅಂದರು ಅಕ್ಕ.

“ಒಂದಲ್ಲ ಅಕ್ಕ. ಹಿಂಡು.”

ಸರಿಯಾಗಿ ಅದೇ ಹೊತ್ತಿಗೆ ಗಂಡ ಕ್ರಿಕೆಟ್ ಮುಗಿಸಿ ಬಂದರು. ಬಾಗಿಲಲ್ಲೇ ನಿಂತು, ತಲೆಯ ಮೇಲಿದ್ದ ಕೂಲಿಂಗ್ ಗ್ಲಾಸನ್ನು ಕಣ್ಣಿಗೆ ಇಳಿಸಿಕೊಂಡು, “ಅತ್ತಿಗೆ, ಇಲ್ಲಿ ಗಿಳಿಶಾಸ್ತ್ರ ಹೇಳ್ತೀರಾ? ಒಂದು ಕಾರ್ಡು ತೆಗೆಸಿ, ನಮ್ಮ ಡೆಪಾಸಿಟ್ ವಾಪಸು ಬರುತ್ತಾ ನೋಡೋಣ,” ಅಂದರು. ನಾನು ಚಿಂದಿ ಬಟ್ಟೆ ಎಸೆದೆ. ಮತ್ತೆ ಬಳಿಯೋಣವೇ ಅಂತ ಒಂದು ನಿಮಿಷ ಯೋಚಿಸಿದೆವು. ಭುಜ ಎತ್ತಲು ಇಬ್ಬರಿಗೂ ಆಗುತ್ತಿರಲಿಲ್ಲ. ಆಮೇಲೆ, ಇದು ಹೇಗೆ ಅಂತ ಗೊತ್ತಿಲ್ಲ, ನೋಡ್ತಾ ನೋಡ್ತಾ ಆ ಬಣ್ಣ ನನಗೆ ಇಷ್ಟವಾಗತೊಡಗಿತು. ಬೆಳಕು ಬಾರದ ಆ ಕೋಣೆಗೆ ಯಾರೋ ಜೋರು ಬಾಯಿಯ ನೆಂಟರು ಬಂದ ಹಾಗಿತ್ತು.

“ನಿನಗೆ ಹಸಿವಾಗಿಲ್ವಾ?” ಅಂದರು ಅಕ್ಕ. ಆಮೇಲೆ ಒಲೆಯ ಕಡೆ ನೋಡುತ್ತಾ, “ಇಲ್ಲಿ... ಕರೀಬಹುದಾ?” ಅಂತ ಕೇಳಿದರು.

ನಾನು ಆಗಲೇ ಬಾಣಲೆ ಹುಡುಕತೊಡಗಿದೆ. “ಕರೀಬಹುದಾ ಅಂತ ಕೇಳ್ತಾರಾ? ಮಿರ್ಚಿ ಮಾಡಾಣ ಬಾ,” ಅಂದೆ. ನಮ್ಮೂರಲ್ಲಿ ಮಿರ್ಚಿ ಅಂದರೆ ಮೆಣಸಿನಕಾಯಿ ಬಜ್ಜಿ. ಅದರ ಜೊತೆ ಒಗ್ಗರಣೆ ಮಂಡಕ್ಕಿ ಇರಲೇಬೇಕು. ಉದ್ದ ಮೆಣಸಿನಕಾಯಿ ಫ್ರಿಜ್ಜಿನಲ್ಲಿತ್ತು, ಮಂಡಕ್ಕಿ ಪ್ಯಾಕೆಟ್ಟು ಯಾವತ್ತೂ ಇರುತ್ತದೆ. ನಾನು ಕಡ್ಲೆಹಿಟ್ಟಿಗೆ ಅಜವಾನ ಉಜ್ಜಿ ಹಾಕಿ ಕಲಸಿದೆ. ಅಕ್ಕ ಮೆಣಸಿನಕಾಯಿಗಳ ಹೊಟ್ಟೆ ಸೀಳಿ, ಸೂಜಿಯಂಥ ಉಪಕರಣವನ್ನು ಕುದಿಯುವ ನೀರಲ್ಲಿ ತೊಳೆದು, ಒಂದೂ ಬೀಜ ಉಳಿಯದ ಹಾಗೆ ತೆಗೆದರು. ಬಾಣಲೆ ವಾಲಿದ ಒಲೆಯ ಮೇಲೆ ಕೂತಿತು, ಎಣ್ಣೆ ಒಂದು ಕಡೆ ಆಳ, ಒಂದು ಕಡೆ ತೆಳು. ಮೊದಲ ಮಿರ್ಚಿ ಎಣ್ಣೆಗೆ ಬಿದ್ದು ಚೊಂಯ್ ಅಂದಾಗ ಅಕ್ಕ ಚಪ್ಪಾಳೆ ತಟ್ಟಿದರು.

“ಅಲ್ಲಿ ನನಗೆ ಭಯ ಕಣೇ,” ಅಂದರು, ಜಾಲರಿ ಸೌಟಿನಿಂದ ಮಗುಚುತ್ತಾ. “ಆ ಕಲ್ಲಿನ ಮೇಲೆ ನಿಂಬೆಹಣ್ಣು ಹೆಚ್ಚೋಕೂ ಭಯ. ಕಾಂಟ್ರ್ಯಾಕ್ಟರ್ ಬಂದು ಬಯ್ತಾನೆ ಅನ್ಸುತ್ತೆ. ಮನೆ ನಂದೇ, ಆದ್ರೆ ಆ ಅಡುಗೆಮನೇಲಿ ನಾನೇ ಬಾಡಿಗೆಗಿದೀನಿ.”

ನಾನು ಏನಾದರೂ ಹೇಳುವ ಮೊದಲೇ ಹೊಗೆ ಅಲಾರಂ ಹೊಡೆದುಕೊಂಡಿತು. ಗಂಡ ಕುರ್ಚಿ ಹತ್ತಿದರು, ನಾನು ಕಿಟಕಿ ತೆರೆದೆ, ಅಕ್ಕ ಕೈಗೆ ಸಿಕ್ಕಿದ್ದನ್ನು ಎತ್ತಿ ಜೋರಾಗಿ ಬೀಸತೊಡಗಿದರು. ಅದು ಅವರೇ ಮೊದಲ ದಿನ ಬಿಟ್ಟುಹೋಗಿದ್ದ ಹತ್ತೊಂಬತ್ತು ಬಿಳಿಗಳ ಫೈಲು. ಕಾರ್ಡುಗಳು ಒಂದೊಂದಾಗಿ ಹಾರಿ ಗಿಳಿಹಸಿರಿನ ನಡುವೆ ಬಿದ್ದವು. ಆ ಗಲಾಟೆಯಲ್ಲಿ ಯಾರೋ ಬಾಗಿಲು ಬಡಿದರು. ಅಜ್ಜ ಬಂದರು, ಇನ್ನು ಮನೆ ಖಾಲಿ ಮಾಡಿಸುತ್ತಾರೆ ಅಂತ ಹೋಗಿ ತೆರೆದರೆ, ಭಾವ. ಕೈಯಲ್ಲಿ ಒಂದು ಕಾಗದದ ಲೋಟ.

“ಇವತ್ತೂ ಎಮರ್ಜೆನ್ಸಿ ಅಂದಿದ್ಲಲ್ಲ, ಪಾಪ ಸುಸ್ತಾಗಿರ್ತಾಳೆ ಅಂತ ಕ್ಲಿನಿಕ್ಕಿಗೆ ಕಾಫಿ ತಗೊಂಡ್ ಹೋಗಿದ್ದೆ,” ಅಂದರು. “ಬೀಗ ಹಾಕಿತ್ತು. ಎಲ್ಲಿದಾಳೆ ಅಂತ ಫೋನಿನಲ್ಲಿ ನೋಡಿದ್ರೆ ನಿಮ್ಮನೆ ತೋರಿಸ್ತು.”

ಅವರು ಒಳಗೆ ಬಂದರು. ಅಕ್ಕ ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಅರ್ಧ ಕಚ್ಚಿದ ಮಿರ್ಚಿ ಹಿಡಿದು, ಹಣೆಗೆ ದೀಪ ಕಟ್ಟಿಕೊಂಡು, ಮೂಗಿನ ಮೇಲೆ ಅಂಟಿನ ಕಲೆಯ ಸಮೇತ ನಿಂತಿದ್ದರು. ಬಾಯಿ ತುಂಬಿತ್ತು.

ಭಾವ ಕಾಫಿ ಲೋಟವನ್ನು ಮುಂದೆ ಚಾಚಿದರು. “ರೂಟ್ ಕೆನಾಲ್ ಹೇಗಾಯ್ತು?”

ಅಕ್ಕ ನುಂಗಿಕೊಂಡರು. “ಮುಗೀತು. ಒಂದು ಬಾಗಿಲು ಬಾಕಿ ಇದೆ.”

ಮೊದಲು ನಕ್ಕಿದ್ದು ಭಾವನೇ. ಅವರು ನಗುವಾಗ ಸದ್ದೇ ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಲೋಟದ ಕಾಫಿ ತುಳುಕಿತು. ಆಮೇಲೆ ನಾಲ್ವರೂ ನೆಲದ ಮೇಲೆ ಪೇಪರು ಹಾಸಿಕೊಂಡು ಕೂತೆವು. ಭಾವ ಏಳು ಮಿರ್ಚಿ ತಿಂದರು. ಏಳನೆಯದು ತಿನ್ನುವಾಗ, “ನಮ್ಮನೇಲೂ ಒಳಗೇ ಕರೀಬಹುದಲ್ಲ?” ಅಂದರು. “ಕಲೆ ಆಗುತ್ತೆ ಅಂತ ನೀವೇ ಅಲ್ವಾ ಅಂದಿದ್ದು?” ಅಂದರು ಅಕ್ಕ. “ನಾನಾ? ನಿನಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ ನಾನು,” ಅಂದರು ಭಾವ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಇನ್ನಷ್ಟು ಮಂಡಕ್ಕಿ ಬಡಿಸಿದೆ.

ಅವರ ಮನೆಯ ಗ್ಯಾರೇಜಿನಲ್ಲಿ ಆ ಒಲೆ ಇನ್ನೂ ಇದೆ. ಹಪ್ಪಳ ಕರಿಯಲು ಅಲ್ಲಿಗೇ ಹೋಗುತ್ತಾರೆ. ಒಗ್ಗರಣೆ ಮಾತ್ರ ಈಗ ಒಳಗೆ. ಬಿಳಿ ಕಟ್ಟೆಯ ಮೇಲೆ ಬೇಳೆಕಾಳಿನಷ್ಟು ಅರಿಶಿನದ ಕಲೆ ಬಿದ್ದ ದಿನ ಅಕ್ಕ ಅದರ ಫೋಟೋ ಕಳಿಸಿ, ‘ನೋಡೇ’ ಅಂತ ಬರೆದಿದ್ದರು. ನಾನು ಮಾತಾಡುವಾಗ ಈಗಲೂ ಒಮ್ಮೆ ‘ನೀವು’, ಒಮ್ಮೆ ‘ನೀನು’ ಅನ್ನುತ್ತೇನೆ. ಬಾಯಿಗೆ ಯಾವುದು ಮೊದಲು ಬರುತ್ತದೋ ಅದು.

ಆವತ್ತು ಊಟವಾದ ಮೇಲೆ ಉಳಿದಿದ್ದ ಆ ಒಂದು ಬಾಗಿಲನ್ನು ಅಣ್ಣ ತಮ್ಮ ತಾವೇ ಕೂಡಿಸುತ್ತೇವೆ ಅಂದರು. ಇಬ್ಬರೂ ಇಂಜಿನಿಯರುಗಳು. ನಾವು ಉಳಿದ ಒಂಬತ್ತನ್ನು ಕೂಡಿಸಲು ತಗೊಂಡ ಸಮಯವನ್ನು ಅವರು ಆ ಒಂದಕ್ಕೆ ತಗೊಂಡರು. ನಡುವೆ ಫೋನನ್ನೇ ಮಟ್ಟಗೋಲು ಮಾಡಿ ಇಟ್ಟು ನೋಡಿದರು, ಚರ್ಚೆ ಮಾಡಿದರು, ಟೇಪಿನ ನಂಬರು ಚೂರನ್ನು ಕಸವೆಂದು ಕಿತ್ತು ಬಿಸಾಕಿದರು. ಅಕ್ಕನೂ ನಾನೂ ಗೋಡೆಗೆ ಒರಗಿ, ಕಾಲು ಚಾಚಿ, ಒಂದು ಮಾತೂ ಆಡದೆ ನೋಡಿದೆವು.

ಕೆಲವು ವಾರಗಳ ನಂತರ ಓನರ್ ಅಜ್ಜ ಹೊಗೆ ಅಲಾರಂ ಬದಲಾಯಿಸಲು ಮೇಲೆ ಬಂದರು. ಡೆಪಾಸಿಟ್ ಹೋಯಿತು ಅಂದುಕೊಂಡೆ. ಅವರು ಗಿಳಿಹಸಿರನ್ನು ಕಂಡು ಹುಬ್ಬು ಕೂಡ ಏರಿಸಲಿಲ್ಲ. ಕನ್ನಡಕ ಏರಿಸಿ, ಒಂದೊಂದೇ ಬಾಗಿಲಿನ ಅಂಚಿಗೆ ಬೆರಳು ಸವರಿದರು. ಕಟ್ಟೆಯ ಸಂದಿನ ಬಿಳಿ ಗೆರೆಯ ಮುಂದೆ ನಿಂತು, ಬಗ್ಗಿ ನೋಡಿ, “ಇದನ್ನ ಯಾರು ಎಳೆದದ್ದು?” ಅಂದರು. ನನ್ನ ಅಕ್ಕ, ಹಲ್ಲಿನ ಡಾಕ್ಟರು, ಅಂದೆ. “ಹೂಂ,” ಅಂತ ತಲೆ ಆಡಿಸಿದರು. ಆಮೇಲೆ ಕೊನೆಯ ಬಾಗಿಲಿಗೆ ಬಂದರು. ಹಿಡಿ ಮೇಲುಗಡೆ ಇತ್ತು, ಬಾಗಿಲು ಗೋಡೆಯ ಕಡೆಗೆ ತೆರೆದು ಅರ್ಧಕ್ಕೇ ನಿಂತಿತು. ತಲೆಕೆಳಗು.

ಅಜ್ಜ ತಿರುಗಿ, ಹಾಲಿನ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ನನ್ನ ಗಂಡನನ್ನು ನೋಡಿದರು. “ಇದು ನಿನ್ನದು,” ಅಂದರು.

ಗಂಡ ತಲೆ ಎತ್ತದೆ, “ನಮ್ಮಣ್ಣಂದೂ ಪಾಲಿದೆ,” ಅಂದರು.

ಅಜ್ಜ ಮೊದಲ ಸಲ ನಕ್ಕರು. ಸರಿ ಮಾಡಿಕೊಡಲಾ ಅಂತ ಕೇಳಿದರು. ಬೇಡ, ಇರಲಿ ಅಂದೆ. ಅದರೊಳಗೆ ನಾನು ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ಶಾವಿಗೆ ಒರಳು ಇಟ್ಟಿದ್ದೇನೆ.